ರಾಮದುರ್ಗಕ್ಕೆ ಹೋಗಿ ಬಂದ ಬುತ್ತಿ

ನಮ್ಮ ಸೋದರಮಾವ ಆ ಪತ್ರ ಬರೆಯಬಾರದಿತ್ತು. ಪತ್ರ ಅಂದರೆ ಏನು, ಒಂದು ಕಾರ್ಡು. ಆದರೆ ಕಾರ್ಡಿನ ಅಷ್ಟಗಲ ಜಾಗದಲ್ಲಿ ಅವನು ಒಂದು ಸಮುದ್ರವನ್ನೇ ತುಂಬಿಸಿಬಿಟ್ಟಿದ್ದ. "ನೀರಿನ ಬಗ್ಗೆ ತಾವು ಕಾಳಜಿ ಮಾಡುವ ಕಾರಣವಿಲ್ಲ. ಈಗ ನಮ್ಮ ಕಡೆಗೆ ಸಮುದ್ರವೇ ಬಂದು ನಿಂತಿದೆ. ಒಮ್ಮೆ ಬಂದು ಕಣ್ಣಾರೆ ಕಾಣುವ ಕೃಪೆ ಮಾಡಬೇಕು."

ಕಾರ್ಡು ಹೋದದ್ದು ಕೊಲ್ಹಾಪುರದ ಒಬ್ಬ ಅಜ್ಜಿಗೆ. ಆ ಅಜ್ಜಿಯ ಮೊಮ್ಮಗಳನ್ನು ನಾನು ಬೆಳಗಾವಿಯ ಒಂದು ಮದುವೆಯಲ್ಲಿ ನೋಡಿದ್ದೆ. ನೋಡಿದ್ದೆ ಅಂದರೆ, ಅವಳು ಪಂಕ್ತಿಯಲ್ಲಿ ಮಜ್ಜಿಗೆ ಬಡಿಸುತ್ತ ಬಂದಳು, ನಾನು ಸಾಕು ಅಂತ ಲೋಟದ ಮೇಲೆ ಕೈ ಅಡ್ಡ ಹಿಡಿದೆ. "ತಗೋರಿ, ಬಿಸಲು ಭಾಳ ಐತಿ. ಈಗ ಬ್ಯಾಡ ಅಂದವರs ಆಮ್ಯಾಲ ಅಡಗಿಮನಿಗೆ ಬಂದು ಕೇಳತಾರ," ಎಂದು ನನ್ನ ಬೆರಳ ಸಂದಿಯಿಂದಲೇ ಸುರುವಿ ಮುಂದೆ ಹೋದಳು. ಅಂಗಿಯ ತೋಳೆಲ್ಲ ಮಜ್ಜಿಗೆ. ಅಷ್ಟೇ ಆದದ್ದು. ಬೈಲಹೊಂಗಲಕ್ಕೆ ಬಂದವನೇ ಅವ್ವನ ಮುಂದೆ, ಆ ಹುಡುಗಿಯಾದರೆ ಸರಿ, ಇಲ್ಲದಿದ್ದರೆ ಲಗ್ನದ ಮಾತು ತೆಗೆಯಬೇಡ ಅಂತ ಹೇಳಿಬಿಟ್ಟೆ. ಆಗ ನಾನು ಪೇಟೆಯ ಹತ್ತಿ ಅಡತಿಯಲ್ಲಿ ತೂಕ ನೋಡುವ ಕೆಲಸದಲ್ಲಿದ್ದೆ. ಒಂದು ಮಾತೂ ಹೆಚ್ಚು ಕಡಿಮೆ ಆಡುವ ಮನುಷ್ಯನಲ್ಲ. ಅವ್ವ ನನ್ನ ಮುಖ ನೋಡಿ, ಹೂಂ ಅಂದಳು.

ಅಡ್ಡಿಯಿದ್ದದ್ದು ಅಜ್ಜಿಯದು. ತಾಯಿ ಇಲ್ಲದ ಮೊಮ್ಮಗಳನ್ನು ಎತ್ತಿ ಆಡಿಸಿ ಬೆಳೆಸಿದವರು ಅವರು. ಅವರ ಸ್ವಂತ ಅಕ್ಕನನ್ನು ಬಹಳ ಹಿಂದೆ ಎಲ್ಲೋ ಬಯಲುಸೀಮೆಯ ಹಳ್ಳಿಗೆ ಕೊಟ್ಟಿದ್ದರಂತೆ. ಆಳದ ಬಾವಿ. ಅಕ್ಕ ತವರಿಗೆ ಬಂದಾಗೊಮ್ಮೆ ಅಂಗೈ ತೋರಿಸಿದರೆ ನಡುವೆ ಹಗ್ಗದ ಗೆರೆ, ಹಣೆಬರಹದ ಗೆರೆಗಿಂತ ದಪ್ಪ. ಅಂದಿನಿಂದ ಅಜ್ಜಿಯದು ಒಂದೇ ಮಾತು, ನೀರಿಲ್ಲದ ಊರಿಗೆ ಹುಡುಗಿ ಕೊಡುವುದಿಲ್ಲ. ಬೈಲಹೊಂಗಲ ಎಂಬ ಹೆಸರಿನಲ್ಲಿಯೇ ಬಯಲು ಇದೆ ಅಂತ ಮಧ್ಯಸ್ಥರ ಮುಂದೆ ಹೇಳಿ ಕಳಿಸಿದ್ದರು. ಅದಕ್ಕೆ ಮಾವನ ಉತ್ತರ, ಈ ಸಮುದ್ರ.

ಅವನ ಮಾತು ಪೂರಾ ಸುಳ್ಳೂ ಅಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ನೀರು ನಿಂತು ಎರಡೋ ಮೂರೋ ವರ್ಷವಾಗಿತ್ತು. ನಮ್ಮ ಕಡೆಯವರು ಬುತ್ತಿ ಕಟ್ಟಿಕೊಂಡು ಹೋಗಿ, ದಂಡೆಯಲ್ಲಿ ಕುಳಿತು ಉಂಡು, ನೀರು ನೋಡಿ ಬರುವುದೇ ಆಗ ಒಂದು ಹೊಸ ಸಡಗರ. ಬೇರೆಯವರ ಊರಲ್ಲಿ ಕೆರೆ ಸರೋವರ ನೋಡಿ ಬಂದು ಬಾಯಿ ಬಿಡುತ್ತಿದ್ದ ನಾವು, ಬಂದವರಿಗೆ ನಮ್ಮದನ್ನು ತೋರಿಸುವಂತಾಗಿದ್ದೆವು. ಆದರೆ ಅಜ್ಜಿ ಕಾರ್ಡು ಓದಿಸಿಕೊಂಡು, ದಸರೆ ಮುಗಿದ ಮೇಲೆ ಖರೇನೇ ಹೊರಟು ಬರುತ್ತಾರೆ ಅಂತ ಯಾರಿಗೆ ಗೊತ್ತಿತ್ತು?

ಕಿತ್ತೂರಿನವರೆಗೆ ಅವರು ತಮ್ಮ ಪಾಡಿಗೆ ಬಂದರು. ನಾನು ಅಲ್ಲಿಗೆ ಹೋಗಿ ಎದುರುಗೊಂಡೆ. ಗಿಡ್ಡನೆಯ ದೇಹ, ಒಂಬತ್ತು ಮೊಳದ ಕಚ್ಚೆ ಸೀರೆ, ಕಂಕುಳಲ್ಲಿ ಎಲೆಯಡಿಕೆ ಚೀಲ. ಕೈಯಲ್ಲಿ ಕೊಡೆ, ಕಾಲ ಬಳಿ ತಗಡಿನ ಟ್ರಂಕು, ಹಾಸಿಗೆ ಸುರುಳಿ, ನೀರಿನ ತಂಬಿಗೆ, ಮತ್ತೆ ಎರಡು ಗಂಟು.

"ನೀ ಏನಪಾ ಹುಡುಗ?"

"ಹೌದ್ರಿ ಅಜ್ಜಿ."

"ಮಜ್ಜಿಗಿ ಬ್ಯಾಡ ಅಂದಾಂವ?"

ಆ ಸುದ್ದಿ ಕೊಲ್ಹಾಪುರ ಮುಟ್ಟಿದೆ ಅಂತ ತಿಳಿದು ನನಗೆ ಒಂದು ಗೇಣು ಎದೆ ಉಬ್ಬಿತು. ಅವಳೇ ಹೇಳಿರಬೇಕಲ್ಲ, ಇನ್ನಾರು ಹೇಳಿಯಾರು?

ಬೈಲಹೊಂಗಲದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೋಟೆ ತೋರಿಸಿದೆ. ಬಿದ್ದ ಗೋಡೆಗಳ ನಡುವೆ ಅವರು ಕೊಡೆ ಊರಿಕೊಂಡು ಒಂದು ಸುತ್ತು ಬಂದರು. ರಾಣಿ ಆಳಿದ ಊರು ಅಂತ ಕೇಳಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡರು. ಹೊರಗೆ ಬಂದ ಮೇಲೆ ಕೆರೆ ತೋರಿಸಿದೆ. ಅದನ್ನು ಮಾತ್ರ ಕಣ್ಣು ಕಿರಿದು ಮಾಡಿ ನೋಡಿದರು. "ನಮ್ಮೂರ ರಂಕಾಳ ಕೆರಿ ಮುಂದ ಇದು ಬಟ್ಟಲ. ಇದೇನ ನಿಮ್ಮ ಮಾವನ ಸಮುದ್ರ?"

"ಅಲ್ಲರಿ, ಅದು ನಾಳಿಗೆ."

"ನಾಳಿಗೆ ಅನ್ನೋ ಸಮುದ್ರ ಭಾಳ ನೋಡೇನಿ," ಅಂದರು. ಒಂದು ಮಂಡಕ್ಕಿ ಗಿರಮಿಟ್ಟಿನ ಗಾಡಿಯ ಮುಂದೆ ನಾನು ಆಸೆಯಿಂದ ನಿಂತರೆ, ಅವರು ಸೆರಗು ಮೂಗಿಗೆ ಹಿಡಿದು ದಾಟಿ ಹೋದರು. ಹೊರಗಿನ ಚಹಾ ಸುದ್ದಾ ಮುಟ್ಟದ ಜೀವ ಅದು. ಸಂಬಂಧಿಕರ ಮನೆಯ ಒಲೆಯ ಮೇಲೆ ಬೆಂದದ್ದಷ್ಟೇ ಹೊಟ್ಟೆಗೆ.

ಸಂಬಂಧಿಕರ ಒಲೆಯದೂ ಸುಲಭವಿರಲಿಲ್ಲ. ಲಗ್ನದ ಮಾತು ಕೂಡುವ ತನಕ ಗಂಡಿನ ಮನೆಯಲ್ಲಿ ಹುಡುಗಿಯ ಕಡೆಯವರು ಸಿಹಿ ಉಣ್ಣಬಾರದು ಅಂತ ಹಿರಿಯರ ಕಟ್ಟಳೆ. ಸಿಹಿ ಬಾಯಿಗೆ ಹೋಯಿತೆಂದರೆ ಹೂಂ ಅಂದಂತೆ. ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಊಟವೇ ಬೇಡ ಅಂದರು. ಅವ್ವ ಹಾಕಿದ ಮಣೆಯ ಮೇಲೆ ಕುಳಿತು ಒಂದು ಲೋಟ ಹಾಲು, ಎರಡು ಬಾಳೆಹಣ್ಣು. "ನೀರು ನೋಡಿದ ಮ್ಯಾಲ ಊಟ, ತಂಗಿ. ತಪ್ಪು ತಿಳೀಬ್ಯಾಡ."

"ಇಲ್ಲರಿ," ಅಂದಳು ಅವ್ವ. "ಹಂಗಾದ್ರ ನೀರಿನ ದಂಡಿಗೇ ಬಡಸತೇನಿ."

ಮರುದಿನ ನಸುಕಿನಲ್ಲೇ ಅವ್ವ ಒಲೆಯ ಮುಂದೆ ಕುಳಿತಳು. ಸಂಪಗಾಂವದಿಂದ ತರಿಸಿದ ಬೆಣ್ಣೆ, ಎಳೆ ಮುಳ್ಳುಬದನೆಯ ಎಣ್ಣೆಗಾಯಿ, ಚಟ್ನಿಪುಡಿಯಾಗಿ ಕುಟ್ಟಿದ ಗುರೆಳ್ಳ ಹಿಂಡಿ, ಇಂಗಿನ ಒಗ್ಗರಣೆ ಹಾಕಿದ ಮೊಸರನ್ನ. ಹಿಂದಿನ ದಿನವೇ ತಟ್ಟಿ ಒಲೆಯ ಪಕ್ಕ ನಿಲ್ಲಿಸಿ ಗರಿಗರಿ ಮಾಡಿದ ಜೋಳದ ಕಡಕ್ ರೊಟ್ಟಿ, ಹಪ್ಪಳದಂತೆ. ಎಲ್ಲಕ್ಕೂ ಮೇಲೆ ಶೇಂಗಾ ಹೋಳಿಗೆ. ಅದನ್ನು ಬೇರೆ ಡಬ್ಬಿಯಲ್ಲಿ ಇಟ್ಟು, ಮುಚ್ಚುವಾಗ ಡಬ್ಬಿಗೆ ಹಣೆ ಮುಟ್ಟಿಸಿದಳು. ನೀರು ನೋಡಿ ಅಜ್ಜಿಯ ಮನಸ್ಸು ಕರಗಿದ ಹೊತ್ತಿಗೆ ಸರಿಯಾಗಿ ಈ ಹೋಳಿಗೆ ಅವರ ಕೈಗೆ ಹೋಗಬೇಕು. ನನ್ನ ಬಾಳುವೆ ಆ ಡಬ್ಬಿಯಲ್ಲಿದೆ ಅಂತ ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅವಶ್ಯಕತೆಯೂ ಇರಲಿಲ್ಲ. ಎಲ್ಲ ಸೇರಿಸಿ ಬಿಳಿ ಧೋತರದಲ್ಲಿ ಬಿಗಿದು, ನಾಲ್ಕು ಕಿವಿಯ ಗಂಟು ಹಾಕಿ ನನ್ನ ಕೈಗೆ ಕೊಟ್ಟಳು. "ಹುಷಾರಪಾ."

ಅಜ್ಜಿ, ಅವ್ವ, ಮಾವ, ನಾನು ಹತ್ತಿದ್ದು ರಾಮದುರ್ಗದ ಬಸ್ಸು. ಅದು ಸವದತ್ತಿ ದಾಟಿ, ನವಿಲುತೀರ್ಥದ ಹತ್ತಿರ ನಮ್ಮನ್ನು ಇಳಿಸಿ, ಮುನವಳ್ಳಿಯ ಮೇಲೆ ಹಾಯ್ದು ರಾಮದುರ್ಗಕ್ಕೆ ಹೋಗುತ್ತಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಸಾಮಾನೆಲ್ಲ ಬಸ್ಸಿನ ನೆತ್ತಿಗೆ, ಟಪ್ಪಿನ ಮೇಲೆ. ಅಜ್ಜಿ ಟ್ರಂಕು ಬಿಟ್ಟು ಬರಲು ಒಪ್ಪಿರಲಿಲ್ಲ. ಮನೆಗೆ ತಿರುಗಿ ಬರುತ್ತೇನೋ ಇಲ್ಲೋ, ಅಲ್ಲಿಂದಲೇ ಹಾದಿ ಹಿಡಿದರೂ ಹಿಡಿದೆ ಅನ್ನುವ ಲೆಕ್ಕ ಅವರದು. ಅದು ನಮಗೆ ಹಿಡಿಸಲಿಲ್ಲ, ಆದರೂ ಹೊತ್ತುಕೊಂಡೆವು.

ಸವದತ್ತಿಯ ಹತ್ತಿರ ಬಲಕ್ಕೆ ಗುಡ್ಡಗಳು ಎದ್ದವು. ಹಾಸುಬಂಡೆಯ ಸಾಲು ಬೆಟ್ಟ, ನೆತ್ತಿಯನ್ನು ಕತ್ತಿಯಿಂದ ಸವರಿದಂತೆ ಮಟ್ಟ. ಎಲ್ಲಮ್ಮನ ಗುಡ್ಡ ಬಂದಾಗ ಬಸ್ಸಿನಲ್ಲಿದ್ದವರೆಲ್ಲ ಕೈಮುಗಿದು "ಉಧೋ ಉಧೋ" ಅಂದರು, ಅಜ್ಜಿಯೂ ಅಂದರು. ಮಾವ ಸುಮ್ಮನೆ ಕೂಡುವ ಪೈಕಿಯಲ್ಲ. ನವಿಲುತೀರ್ಥ ಅಂತ ಹೆಸರು ಯಾಕೆ ಬಂತೆಂದು ಶುರುಮಾಡಿದ. ನಮ್ಮ ಹಿರಿಯರು ಹೇಳುತ್ತಿದ್ದ ಕತೆ ಅದು. ಹೊಳೆ ಹರಿಯುತ್ತ ಬಂತು, ಗುಡ್ಡ ಅಡ್ಡ ಬಂತು, ದಾರಿ ಕಾಣದೆ ನಿಂತಿತು. ಗುಡ್ಡದ ಮೇಲೆ ಒಂದು ನವಿಲು ಕುಳಿತು ಅಣಕಿಸಿತು. ಹೊಳೆಗೆ ಸಿಟ್ಟು ಬಂದು ಗುಡ್ಡವನ್ನೇ ಸೀಳಿಕೊಂಡು ಹೋಯಿತು.

"ಅಣಕಸಿದವರಿಗೆ ನಮ್ಮ ಹೊಳಿ ಹಿಂಗ ಉತ್ತರಾ ಕೊಡತೈತ್ರಿ," ಅಂತ ಮಾವ ಅಜ್ಜಿಯ ಕಡೆ ಓರೆಗಣ್ಣು ಬಿಟ್ಟ.

"ಅಗ ಬಾಈ! ಹಂಗಾದ್ರ ಆ ನವಿಲಿಗೇ ಪುಣ್ಯಾ ಬರಬೇಕಲ್ಲ," ಅಂದರು ಅಜ್ಜಿ. "ಅದು ಅಣಕಸದಿದ್ರ ನಿಮ್ಮ ಹೊಳಿ ಅಲ್ಲೇ ಕುಂತಿರತಿತ್ತು."

ಅಷ್ಟರಲ್ಲಿ ಇಳಿಯುವ ಜಾಗ ಬಂತು. ಅತಿಥಿಯ ಒಂದು ಕಡ್ಡಿಯನ್ನೂ ಅತಿಥಿಯ ಕೈಯಿಂದ ಹೊರಿಸಬಾರದು, ಇದು ನಮ್ಮ ಕಡೆಯ ಹಟ. ಮೂಗಿನ ಮೇಲೆ ಬೆವರು ಬಂದರೂ ಅದನ್ನು ಒರೆಸುವ ಕೆಲಸ ನಮ್ಮದು ಅನ್ನುವಷ್ಟು. ನಾನು ಟಪ್ಪು ಹತ್ತಿದೆ. ಅಜ್ಜಿಯ ಟ್ರಂಕು ಇಳಿಸಿದೆ, ಹಾಸಿಗೆ ಇಳಿಸಿದೆ, ಎರಡು ಗಂಟು ಇಳಿಸಿದೆ, ಜಾರಿ ಮೂಲೆಗೆ ಹೋಗಿದ್ದ ತಂಬಿಗೆಯನ್ನು ಹೊಟ್ಟೆಯ ಮೇಲೆ ಮಲಗಿ ಎಟುಕಿಸಿ ತೆಗೆದೆ. ಕೆಳಗೆ ಬಂದು ಕೊಡೆ ತಗೊಂಡೆ, ಎಲೆಯಡಿಕೆ ಚೀಲಕ್ಕೂ ಕೈಹಾಕಿದರೆ ಅಜ್ಜಿ ಬಿಡಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು. ಧೂಳು ಇಳಿಯಿತು.

ಅವ್ವ ನನ್ನ ಎರಡೂ ಕೈ ನೋಡಿದಳು. ಆಮೇಲೆ ರಸ್ತೆ ನೋಡಿದಳು. ಬಸ್ಸಿನ ಬೆನ್ನು ದಿನ್ನೆಯ ಮೇಲೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು, ಅದರ ತಲೆಯ ಮೇಲೆ ಒಂದು ಬಿಳಿ ಚುಕ್ಕೆ.

"ಬುತ್ತಿ," ಅಂದಳು.

ಅಜ್ಜಿಯದು ಎಲ್ಲ ಇಳಿಸಿದ್ದೆ. ನಮ್ಮದಿದ್ದದ್ದು ಒಂದೇ. ಅದನ್ನು ಬಿಟ್ಟಿದ್ದೆ.

ಮಾವ ನಾಲ್ಕು ಮಾರು ಓಡಿ, ಕೈಬೀಸಿ, ನಿಂತ. ಬಯ್ಯಬೇಕೆಂದು ಬಾಯಿ ತೆರೆದವನು ಅಜ್ಜಿಯ ಮುಖ ನೋಡಿ ಮುಚ್ಚಿಕೊಂಡ. ಅಜ್ಜಿ ಸೊಂಟಕ್ಕೆ ಕೈಯಿಟ್ಟು, "ನಡೀರಿ, ಬಂದದ್ದು ನೀರು ನೋಡಾಕಲ್ಲ?" ಅಂದರು. ಹಿಂದಿನ ದಿನದಿಂದ ಹಾಲು ಹಣ್ಣಿನ ಮೇಲಿದ್ದ ಎಪ್ಪತ್ತರ ಜೀವ. ಅವರು ಮುಂದೆ, ಟ್ರಂಕು ಹೊತ್ತ ನಾನು ಹಿಂದೆ.

ಏರು ಹತ್ತಿ ನೆತ್ತಿಗೆ ಬಂದಾಗ ಗಾಳಿ ಮೊದಲು ಸಿಕ್ಕಿತು, ನೀರಿನ ವಾಸನೆಯ ಗಾಳಿ. ಆಮೇಲೆ ನೀರು. ನಾನು ಅದಕ್ಕೆ ಮೊದಲೂ ನೋಡಿದ್ದೆ, ಆದರೆ ಆ ವರ್ಷದ ಮಳೆಗೆ ತುಂಬಿದ್ದನ್ನು ನೋಡಿರಲಿಲ್ಲ. ಪಡುವಣಕ್ಕೆ ಕಣ್ಣು ಹೋದಷ್ಟೂ ನೀಲಿ. ಗುಡ್ಡದ ಸಾಲುಗಳು ಅದರೊಳಗೆ ಮೂಗು ಅದ್ದಿ ಮಲಗಿದ ದನಗಳಂತೆ. ಕೆಳಗೆ ಕಲ್ಲಿಗೆ ತೆರೆ ಬಡಿಯುವ ಸದ್ದು, ಚಪ್, ಚಪ್. ಮುಳುಗಿದ ಜಾಲಿ ಗಿಡಗಳ ತುದಿ ಮಾತ್ರ ಮೇಲಿದ್ದವು, ಒಂದೊಂದರ ಮೇಲೆ ಒಂದೊಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ದೂರದಲ್ಲೊಂದು ತೆಪ್ಪ. ನೆಲ ಬಿರಿಯುವ ಸೀಮೆಯವರು ನಾವು, ಒಂದು ಕೊಡ ನೀರಿಗೆ ಸರದಿ ನಿಂತವರು. ಅದು ನಮ್ಮದು ಅಂತ ಹೇಳಿಕೊಳ್ಳಬಹುದಾದ ನೀರು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಖಾಲಿ, ಬುತ್ತಿ ಹೋಗಿದೆ, ಲಗ್ನ ಹೋಗುವ ಹಾದಿಯಲ್ಲಿದೆ, ಆದರೂ ಎದೆ ಉಬ್ಬಿತು.

ಅಜ್ಜಿ ಚಪ್ಪಲಿ ಕಳಚಿದರು. ಆಮೇಲೆ ಕೆಳಗಿಳಿದು, ಬೊಗಸೆಯಲ್ಲಿ ನೀರು ತಗೊಂಡು ಒಂದು ಗುಟುಕು ಕುಡಿದರು.

"ಸಪ್ಪಗೈತಿ."

"ಸಿಹಿನೀರಿನ ಸಮುದ್ರರಿ ಇದು," ಅಂದ ಮಾವ. "ಉಪ್ಪಿನ ಸಮುದ್ರ ಯಾರಿಗೆ ಬೇಕು? ಇಡೀ ಲೋಕದಾಗ..."

"ಸ್ವಲ್ಪ ತಡೀ. ಇಷ್ಟು ನೀರು ಬಂದದಲ್ಲ, ಇದು ಯಾರ ಹೊಲದ ಮ್ಯಾಲ ಬಂತು?"

ಮಾವ ನೀರಿನ ಕಡೆ ಮುಖ ತಿರುಗಿಸಿದ. ಅವ್ವ ಉತ್ತರ ಕೊಟ್ಟಳು. ನೀರಿನಲ್ಲಿ ನಿಂತ ಜಾಲಿ ಗಿಡಗಳಾಚೆ ಬೆರಳು ಚಾಚಿ, "ಅಲ್ಲೆ ನಮ್ಮ ತವರಮನಿ ಇತ್ರಿ. ಈ ನಮ್ಮ ಅಣ್ಣನ ಹೊಲ ಅದರ ಆಚೆ ಬಾಜೂಕ. ಎರಿ ಭೂಮಿ. ಈಗ ಇವರು ಮುನವಳ್ಯಾಗ ಇರತಾರ," ಅಂದಳು.

ಅಜ್ಜಿ ಮಾವನ ಕಡೆ ತಿರುಗಿದರು. "ಮತ್ತ ನೀನೇ ಸಮುದ್ರ ಸಮುದ್ರ ಅಂತ ಬರದಿಯಲ್ಲೋ!"

"ಮತ್ತಾರು ಬರೀಬೇಕ್ರಿ?" ಅಂದ ಮಾವ. ಧ್ವನಿಯಲ್ಲಿ ಬಡಾಯಿ ಇರಲಿಲ್ಲ. "ಹೊಲಾ ಕೊಟ್ಟಾಂವ ನಾನು. ಕೆಳಗ ನಲವತ್ತು ಊರಿಗೆ ಕಾಲುವಿ ಹೋಗತೈತಿ ಅಂತಾರ. ಕೊಟ್ಟ ಮ್ಯಾಲ ಸಣ್ಣದು ಅಂತ ಯಾಕ ಹೇಳಲಿ? ಸಮುದ್ರ ಅಂತನs ಹೇಳತೇನಿ."

ನನ್ನ ಮಾವನನ್ನು ಬಡಾಯಿಕೋರ ಅಂತ ನಕ್ಕವರ ಪೈಕಿ ನಾನೂ ಒಬ್ಬ. ಅವತ್ತಿನಿಂದ ನಕ್ಕಿಲ್ಲ.

ಅಜ್ಜಿ ಒಂದು ಕಲ್ಲಿನ ಮೇಲೆ ಕುಳಿತರು. ಅವ್ವನನ್ನು ಹತ್ತಿರ ಕರೆದರು. "ತಂಗಿ, ಖರೇ ಹೇಳು. ಈ ನೀರು ನಿಮ್ಮ ಮನಿತನಕ ಬರತದೇನು?"

ಮಾವ ಅವ್ವನಿಗೆ ಕಣ್ಣು ಹೊಡೆದ. ಅವ್ವ ನೋಡಲಿಲ್ಲ. "ಇಲ್ಲರಿ. ಮನಿಗೆ ಬಾವಿ ನೀರು. ಎರಡು ಓಣಿ ದಾಟಬೇಕು. ಬಂದ ಸೊಸಿ ಹಗ್ಗ ಹಿಡಿಯೂದಿಲ್ಲ ಅಂತ ಮಾತು ಕೊಡಾಕ ಆಗಂಗಿಲ್ಲ ನನಗ. ಒಬ್ಬಾಕಿನ್ನs ಬಾವಿಗೆ ಕಳಸಂಗಿಲ್ಲ, ಅದೊಂದು ಮಾತು ಕೊಡತೇನಿ. ನಾನೂ ಕೂಡ ಹೋಗತೇನಿ."

"ಅಜ್ಜಿ, ನೀರು ನಾ ತರತೇನಿ," ಅಂದುಬಿಟ್ಟೆ.

ಅಜ್ಜಿ ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದರು. "ಬುತ್ತಿ ಇಳಸಾಕ ಆಗಲಿಲ್ಲ. ನೀರು ತರತಾನಂತ!"

ಬಿಸಿಲು ನೆತ್ತಿಗೆ ಬಂತು. ದಂಡೆಯಲ್ಲಿ ಅಲ್ಲಲ್ಲಿ ಬುತ್ತಿ ಬಿಚ್ಚಿದವರು ನಮ್ಮನ್ನು ಕಂಡು, "ಬರ್ರಿ, ಊಟಕ್ಕ ಬರ್ರಿ," ಅಂತ ಕೂಗಿದರು. ಅವ್ವ ಇಲ್ಲ ಅಂತ ಕೈಯಾಡಿಸಿದಳು. ಅತಿಥಿ ಉಣ್ಣದೆ ನಾವು ಹೇಗೆ ಉಣ್ಣುವುದು? ಅಜ್ಜಿ ಪರಕೀಯರದು ಮುಟ್ಟುವುದಿಲ್ಲ. ಗೇಟಿನ ಹತ್ತಿರ ಒಂದು ಚಹಾ ಗುಡಿಸಲಿತ್ತು, ಅತ್ತ ನೋಡಲೂ ಇಲ್ಲ. ನಾಲ್ಕು ಜನ ಒಂದು ಬೇವಿನ ಗಿಡದ ಕೆಳಗೆ, ನಡುವೆ ಒಂದು ಟ್ರಂಕು. ಹಸಿವೆ ಅನ್ನುವುದು ಮಾತನ್ನೂ ತಿಂದುಬಿಡುತ್ತದೆ. ಅಜ್ಜಿಯ ಕೆನ್ನೆ ಒಣಗಿದ್ದನ್ನು ನೋಡುತ್ತ, ಇವರು ಕೊಲ್ಹಾಪುರಕ್ಕೆ ಹೋಗಿ ಮೊಮ್ಮಗಳ ಮುಂದೆ ಹೇಳುವ ಮಾತು ನನಗೆ ಈಗಲೇ ಕೇಳಿಸುತ್ತಿತ್ತು. ನೀರು ಇತ್ತು, ಅನ್ನ ಕೊಡಲಿಲ್ಲ.

ಹೊತ್ತು ಇಳಿಯತೊಡಗಿದಾಗ ಅದೇ ಬಸ್ಸು ತಿರುಗಿ ಬಂತು. ನಾವು ಕೈಮಾಡುವ ಮೊದಲೇ ನಿಂತಿತು. ಕಂಡಕ್ಟರ್, ಇಪ್ಪತ್ತೈದರ ಹುಡುಗ, ಬಿಳಿ ಧೋತರದ ಗಂಟನ್ನು ಮಗುವಿನಂತೆ ಎರಡು ಕೈಯಲ್ಲಿ ಹಿಡಿದು ಇಳಿದ.

"ನಾಕು ಮಂದಿ ಇಳಿದು ಏಳು ಸಾಮಾನು ಇಳಿಸಿದ್ರಿ. ಎಂಟನೇದು ಇದು. ರಾಮದುರ್ಗದಾಗ ಟಪ್ಪು ಖಾಲಿ ಮಾಡೂ ಮುಂದ ಸಿಕ್ತು."

ಅವ್ವ ಗಂಟು ಇಸಿದುಕೊಂಡಳು. ಇಸಿದುಕೊಂಡವಳೇ ಹುಬ್ಬು ಗಂಟಿಕ್ಕಿದಳು. ತಾನು ಕಟ್ಟಿದ ಗಂಟು ಅವಳಿಗೆ ಗೊತ್ತಾಗದೆ? ಇದು ಬೇರೆ ಕೈಯ ಗಂಟು.

ಕಂಡಕ್ಟರ್ ತಲೆ ಕೆರೆದ. "ಅವ್ವಾರ, ತಪ್ಪಾಗೇತ್ರಿ. ಮೂರು ತಾಸು ಬಿಸಲಾಗ ಬಂದೈತಿ. ಯಾರದಂತ ನೋಡಾಕ ಬಿಚ್ಚಿದ್ವಿ. ಮೊಸರನ್ನ ಇನ್ನೊಂದು ಗಳಿಗಿಗೆ ಹುಳಿ ಆಗತಿತ್ತು. ಎಣ್ಣಿಗಾಯೂ ಹಂಗs. ಅನ್ನ ಕೆಡಸಬಾರದಲ್ರಿ. ಡ್ರೈವರ್ ಮಾಮಾ, ನಾನು, ಸ್ಟ್ಯಾಂಡಿನಾಗ ಕುಂತಿದ್ದ ನಾಕು ಮಂದಿ, ಉಂಡುಬಿಟ್ವಿ."

"ಹೋಳಿಗಿ?" ಅಂದಳು ಅವ್ವ. "ಶೇಂಗಾ ಹೋಳಿಗಿ ಎಂಟು ದಿನ ಇಟ್ಟರೂ ಕೆಡಂಗಿಲ್ಲಲ್ಲ?"

ಅವನು ನೆಲ ನೋಡಿದ. "ಹೋಳಿಗಿ... ಖರೇ ಹೇಳತೇನ್ರಿ ಅವ್ವಾರ. ಹೋಳಿಗಿಗೆ ಕಾರಣಾ ಇಲ್ಲ."

ಬಸ್ಸಿನ ಕಿಟಕಿಗಳಲ್ಲಿ ತಲೆಗಳು ತುಂಬಿದ್ದವು, ಒಂದು ಸಲಕ್ಕೆ ನಗೆ ಎದ್ದಿತು. ಅವ್ವ ನಗಲಿಲ್ಲ. "ಹೆಂಗಿತ್ತು?" ಅಂತ ಮಾತ್ರ ಕೇಳಿದಳು. ಡ್ರೈವರ್ ತನ್ನ ಬಾಗಿಲಿನಿಂದಲೇ ಕೂಗಿ ಹೇಳಿದ, "ಅಕ್ಕಾ, ಇನ್ನೂ ಎಂಟು ಇದ್ದಿದ್ರ ಬಸ್ಸು ವಾಪಸ್ ಬರತಿರಲಿಲ್ಲ!" ಅವ್ವನ ಮುಖ ಒಂದು ಕ್ಷಣ ಬೆಳಗಿತು, ಮತ್ತೆ ಕಂದಿತು. ಹೊಗಳಿಕೆ ಬಂತು, ಆದರೆ ಹೂಂ ಅನ್ನಿಸಬೇಕಾಗಿದ್ದ ಸಿಹಿ ರಾಮದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಯಾರ ಯಾರ ಹೊಟ್ಟೆಗೋ ಹೋಗಿತ್ತು.

"ಮತ್ತ ಇದು ಯಾಕ ಹಿಂಗ ಭಾರ ಐತಿ?" ಅಂದಳು.

"ಬರೇ ಡಬ್ಬಿ ಹೆಂಗ ಕೊಡೋದ್ರಿ?" ಅಂದ ಕಂಡಕ್ಟರ್, ಇದನ್ನೂ ಕೇಳುತ್ತಾರಾ ಅನ್ನುವ ಹಾಗೆ. "ಉಂಡವರೆಲ್ಲ ಮನಿಗೆ ಹೋಗಿ ತಂದು ತುಂಬಿದ್ರು."

ಉಂಡ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡಬಾರದು, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಇದು ನಮ್ಮ ಕಡೆ ನೆರೆಮನೆಯವರ ನಡುವಿನ ರೀತಿ. ಹೆಸರು ಗೊತ್ತಿಲ್ಲದ, ಮುಖ ನೋಡದ, ಬಸ್ಸಿನ ತಲೆಯ ಮೇಲೆ ಬಂದ ಗಂಟಿಗೂ ಅದೇ ರೀತಿ ನಡೆದದ್ದು ಅವತ್ತೇ. ಅವ್ವ ಟ್ರಂಕಿನ ಮೇಲೆ ಗಂಟು ಬಿಚ್ಚಿದಳು. ಕಡಕ್ ರೊಟ್ಟಿ ಒಂದೂ ಮುಟ್ಟಿಲ್ಲ, ಅಂಚು ಸುದ್ದಾ ಮುರಿದಿಲ್ಲ. ಮೊಸರನ್ನದ ಡಬ್ಬಿಯಲ್ಲಿ ಮಡಕೆಕಾಳಿನ ಉಸುಳಿ. ಎಣ್ಣೆಗಾಯಿಯ ಜಾಗದಲ್ಲಿ ಹಸಿ ಈರುಳ್ಳಿ, ಖಾರದ ಚಟ್ನಿ. ಹೋಳಿಗೆಯ ಡಬ್ಬಿಯಲ್ಲಿ ಗೋಧಿ ಹುಗ್ಗಿ, ಮೇಲೆ ತುಪ್ಪ. ನೇಕಾರರ ಓಣಿಯ ಒಂದು ಮನೆಯಲ್ಲಿ ಅವತ್ತು ತೊಟ್ಟಿಲ ಶಾಸ್ತ್ರವಿತ್ತಂತೆ. ಮತ್ತೆ ನಮ್ಮದಲ್ಲದ, ಹಳೆಯ, ತಿಕ್ಕಿ ತಿಕ್ಕಿ ಬಂಗಾರದಂತಾದ ಒಂದು ಹಿತ್ತಾಳೆ ಡಬ್ಬಿ. ತೆರೆದರೆ ಕಡಲೆಹಿಟ್ಟಿನ ಝುಣಕ, ಇನ್ನೂ ಬೆಚ್ಚಗೆ.

"ಇದೊಂದು ಡಬ್ಬಿ ನಮ್ಮವ್ವಂದ್ರಿ. ನಿಮ್ಮ ಹಿಂಡಿ ಡಬ್ಬಿ ಇಳಸೂ ಮುಂದ ನೆಗ್ಗಿ ಹೋತು," ಅಂದ ಕಂಡಕ್ಟರ್.

ಅಜ್ಜಿ ಎದ್ದು ಬಂದರು. ಒಂದೊಂದನ್ನೂ ಬಗ್ಗಿ ನೋಡಿದರು. ಅವರು ಕೇಳಿಯೇ ಕೇಳುತ್ತಾರೆ ಅಂತ ನನಗೆ ಗೊತ್ತಿತ್ತು, ಕೇಳಿದರು. "ಯಾರ ಮನೀದಪಾ ಇದೆಲ್ಲ?"

"ನಾಕೈದು ಮನೀದರಿ. ಉಸುಳಿ ಯಾರದಂತ ನನಗೂ ಗೊತ್ತಿಲ್ಲ." ಬೆನ್ನು ನೆಟ್ಟಗೆ ಮಾಡಿ ಹೇಳಿದ. "ಝುಣಕ ನಮ್ಮವ್ವ ಮಾಡಿದ್ದು. ನಮ್ಮದು ಊರಾಚೆ ಕೇರಿಯಾಗ ಬುದ್ಧವಂದನಾ ಮಾಡೋ ಮನಿರಿ. ಮದಲs ಹೇಳಿಬಿಡತೇನಿ. ಉಣ್ಣೋದು ಬಿಡೋದು ನಿಮ್ಮ ಖುಷಿ."

ಕೆಳಗೆ ನೀರು, ಚಪ್, ಚಪ್. ಡ್ರೈವರ್ ಇಂಜಿನ್ನಿಗೆ ಹಾಕಲು ಡಬ್ಬಾ ಹಿಡಿದು ನೀರು ತರಲು ಇಳಿದಿದ್ದವನು ಅಲ್ಲೇ ನಿಂತ. ಅಜ್ಜಿ ಆ ಹುಡುಗನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಅವ್ವನ ಕಡೆ ತಿರುಗಿದರು.

"ಇದು ನಿಮ್ಮ ಮನಿ ಸಿಹಿ ಅಲ್ಲಲ್ಲ?"

"ಅಲ್ಲರಿ," ಅಂದಳು ಅವ್ವ, ಧ್ವನಿ ಸಣ್ಣದಾಗಿ.

"ಹಂಗಾದ್ರ ಉಣ್ಣಾಕ ಏನೂ ಅಡ್ಡಿ ಇಲ್ಲ. ಹಾಕು. ಭಾಳ ಹಸದೈತಿ."

ಕೈ ತೊಳೆದು ಕುಳಿತರು. ಅವರ ಬಳಿ ಎರಡು ಕಟ್ಟಳೆಗಳಿದ್ದವು. ಗಂಡಿನ ಮನೆ ಸಿಹಿಯ ಸಣ್ಣದನ್ನು ಊರುಗೋಲು ಮಾಡಿಕೊಂಡು ಪರರ ಒಲೆಯ ದೊಡ್ಡದನ್ನು ದಾಟಿದರು. ದಾಟಿದ್ದು ಯಾರಿಗೂ ಕಾಣದ ಹಾಗೆ, ಕಂಡರೂ ಯಾರೂ ಏನೂ ಅನ್ನದ ಹಾಗೆ. ಮೊದಲು ಕೈಹಾಕಿದ್ದು ಝುಣಕಕ್ಕೇ. ಕಡಕ್ ರೊಟ್ಟಿ ಮುರಿದ ಸದ್ದು ಬಸ್ಸಿನ ತನಕ ಕೇಳಿತು.

"ನಿಮ್ಮವ್ವಗ ಹೇಳು, ಬಳ್ಳೊಳ್ಳಿ ಒಂದು ಎಸಳು ಹೆಚ್ಚಾಗೇದ," ಅಂದರು ಎರಡನೆಯ ತುತ್ತಿಗೆ.

"ಹೇಳಿದ್ರ ನಿಮ್ಮನ್ನ ಹುಡಿಕ್ಕೊಂಡು ಬರತಾಳ್ರಿ ಅಕಿ," ಅಂದ ಹುಡುಗ.

ಬಸ್ಸು ನಿಂತೇ ಇತ್ತು. ಯಾರಿಗೂ ಅವಸರವಿದ್ದಂತೆ ಕಾಣಲಿಲ್ಲ. ಇಬ್ಬರು ಇಳಿದು ಬಂದು ನಮ್ಮ ಪಕ್ಕ ಕುಳಿತು ರೊಟ್ಟಿ ಮುರಿದರು. ಒಳಗಿನಿಂದ ಒಬ್ಬ ಹೆಣ್ಣುಮಗಳು, "ಅಜ್ಜೀ, ಹುಗ್ಗಿ ಬಿಡಬ್ಯಾಡ, ತುಪ್ಪ ನೋಡು ಹೆಂಗೈತಿ," ಅಂತ ಉಪಚಾರ ಮಾಡಿದಳು. ಅಜ್ಜಿ ಬಿಡಲಿಲ್ಲ. ನಾವೂ ಉಂಡೆವು. ಅಷ್ಟು ರುಚಿಯ ಊಟವನ್ನು ನಾನು ಮತ್ತೆ ಉಂಡದ್ದು ನೆನಪಿಲ್ಲ. ಆದರೂ ಒಳಗೊಂದು ಮುಳ್ಳು ಆಡುತ್ತಿತ್ತು. ಅಜ್ಜಿ ಉಂಡರು, ನಮ್ಮದನ್ನಲ್ಲ. ಹೂಂ ಅಂದಂತೆ ಆಗಲಿಲ್ಲ.

ಅದೇ ಬಸ್ಸಿಗೆ ನಾವೂ ಹತ್ತಿದೆವು. ನಾನು ಮತ್ತೆ ಎಲ್ಲವನ್ನೂ ಟಪ್ಪಿಗೆ ಹಾಕಿದೆ, ಈ ಸಲ ಮೂರು ಸಲ ನೋಡಿ. ಹಿತ್ತಾಳೆ ಡಬ್ಬಿಯನ್ನು ಮಾತ್ರ ಅಜ್ಜಿ ನೀರಿನ ದಂಡೆಯಲ್ಲಿ ತಾವೇ ತೊಳೆದು, ಸೆರಗಿನಲ್ಲಿ ಒರೆಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಟಿಕೀಟು ಹರಿಯುತ್ತ ಬಂದ ಕಂಡಕ್ಟರ್ ಕೈ ಚಾಚಿದ.

"ಡಬ್ಬಿ ಕೊಡ್ರಿ ಅಜ್ಜಿ. ಒಯ್ಯದಿದ್ರ ನಮ್ಮವ್ವ ಮನಿಯೊಳಗ ಸೇರಸಂಗಿಲ್ಲ."

"ಕೊಡಂಗಿಲ್ಲ."

"ಆಂ?"

"ನಿಮಗಷ್ಟೇನು ರೀತಿ ನೀತಿ? ಬರೇ ಡಬ್ಬಿ ಹೆಂಗ ಕೊಡಲಿ? ಕೊಲ್ಹಾಪುರಕ್ಕ ಒಯ್ಯತೇನಿ. ತುಂಬಿ ತಂದು ನಿಮ್ಮವ್ವನ ಕೈಯಾಗ ನಾನs ಕೊಡತೇನಿ."

"ಯಾವಾಗ್ರಿ?" ಅಂದ ಪಾಪ, ತನ್ನ ತಾಯಿಯ ಹೆದರಿಕೆಯಿಂದ.

"ದೀಪಾವಳಿ ಆಗಲಿ." ಅಜ್ಜಿ ಕಿಟಕಿಯ ಆಚೆ ನೀರು ನೋಡುತ್ತಿದ್ದರು. "ಬೇಸನ್ ಲಾಡು ನಮ್ಮ ಹುಡುಗಿ ಕಟ್ಟಬೇಕು, ನನ್ನ ಕೈ ನಡಗತಾವ. ಅಕಿನ್ನೂ ಕರಕೊಂಡು ಬರತೇನಿ. ಹಾದ್ಯಾಗ ಇವರ ಬಾವೀನೂ ನೋಡಿದಂಗಾತು."

ಮಾವ ಬಾಯಿ ತೆರೆದ. "ಅಂದ್ರ..."

ಅವ್ವ ಅವನ ತೋಳು ಚಿವುಟಿದಳು. ಹಿಂದಿನ ಸೀಟಿನ ಹೆಣ್ಣುಮಗಳು ಮಾತ್ರ ಬಿಡಲಿಲ್ಲ. "ಅಂದ್ರ ಏನೋ ಯಪ್ಪಾ, ಲಗ್ನ! ಬಾವಿ ನೋಡಾಕ ಬರತಾಳ, ಡಬ್ಬಿ ಕೊಡಾಕ ಬರತಾಳ, ಇನ್ನ ಏನಂತ ಹೇಳಬೇಕು ಅಜ್ಜಿ?" ಬಸ್ಸಿಗೆ ಬಸ್ಸೇ ನಕ್ಕಿತು. ಅಜ್ಜಿ ಇಲ್ಲ ಅನ್ನಲಿಲ್ಲ. ಎಲೆಯಡಿಕೆ ಚೀಲವನ್ನು ನನ್ನ ಕಡೆ ಚಾಚಿ, "ಹಿಡಿ. ಇದನ್ನಾದ್ರೂ ಬಿಡಬ್ಯಾಡ," ಅಂದರು.

ದೀಪಾವಳಿ ಕಳೆದ ಮೇಲೆ ಅವಳು ಬಂದಳು. ನಮ್ಮ ಬಾವಿಯ ಹಗ್ಗ ಹಿಡಿದು ಒಂದು ಕೊಡ ಸೇದಿ ನೋಡಿ, "ಆಳ ಏನಿಲ್ಲ ಬಿಡ್ರಿ," ಅಂತ ಅವ್ವನಿಗೆ ಹೇಳಿದಳಂತೆ. ನಾವೆಲ್ಲ ಕೂಡಿ ರಾಮದುರ್ಗಕ್ಕೆ ಹೋದೆವು. ಕಂಡಕ್ಟರನ ತಾಯಿ ಬಾಗಿಲಲ್ಲೇ ಡಬ್ಬಿ ಇಸಿದುಕೊಂಡು, ಮುಚ್ಚಳ ತೆಗೆದು, ಒಂದು ಲಾಡು ಬಾಯಿಗೆ ಹಾಕಿಕೊಂಡಳು. ಅಜ್ಜಿಯನ್ನು ಕಣ್ಣಲ್ಲೇ ಅಳೆದಳು.

"ಬಳ್ಳೊಳ್ಳಿ ಹೆಚ್ಚಾಗಿತ್ತು ಅಂದಾಕಿ ನೀವೇನ್ರಿ? ನಿಮ್ಮ ಲಾಡುವಿಗೆ ತುಪ್ಪ ಕಡಿಮಿ ಆಗೇದ. ಒಳಗ ಬರ್ರಿ, ಕುಂದರ್ರಿ."

ಹೊರಡುವಾಗ ಅವಳು ಡಬ್ಬಿಯನ್ನು ಬರಿದಾಗಿ ಕೊಡುವ ಹೆಣ್ಣುಮಗಳಾಗಿರಲಿಲ್ಲ. ತುಂಬಿದ ಡಬ್ಬಿ ನನ್ನ ಹೆಂಡತಿಯಾಗುವವಳ ಕೈಯಲ್ಲಿ ಬೈಲಹೊಂಗಲಕ್ಕೆ ಬಂತು. ಆಮೇಲೆ ತಿರುಗಿ ಹೋಯಿತು, ತಿರುಗಿ ಬಂತು. ಹಾಗೆ ಎಷ್ಟು ವರ್ಷ, ಎಷ್ಟು ಸಲ ಆ ನೀರಿನ ದಂಡೆಯ ಹಾದಿಯಲ್ಲಿ ತಿರುಗಾಡಿದೆಯೋ. ಹಿಡಿಕೆ ಒಮ್ಮೆ ಬೆಸೆಸಿದ್ದೇವೆ. ಸದ್ಯಕ್ಕೆ ನಮ್ಮ ಅಡಿಗೆಮನೆಯ ಮಾಡದಲ್ಲಿದೆ. ಸರದಿ ನಮ್ಮದು.